ಹಳೇ ಆಫೀಸ್ ಪಿಸಿಗೆ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್: 580, 1060, 1660 ಸೂಪರ್, ಯಾವುದು ತಗೊಳ್ಳಲಿ?

ಮೇಗರವಳ್ಳಿ_ಮಾಣಿ:

ಎಲ್ಲರಿಗೂ ನಮಸ್ಕಾರ. ಮನೆ ಮೇಗರವಳ್ಳಿ ಹತ್ರ, ಓದ್ತಿರೋದು ಶಿವಮೊಗ್ಗದಲ್ಲಿ, ರೂಮು ನವುಲೆ ಕಡೆ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೈಬೇಡಿ.

ನನ್ನ ಹತ್ರ ಇರೋದು ಡೆಲ್ ಆಪ್ಟಿಪ್ಲೆಕ್ಸ್ 7020, ಮಿನಿ ಟವರ್. ಐ5-4590, 16 ಜಿಬಿ ಡಿಡಿಆರ್3 ರ‍್ಯಾಮ್, 240 ಜಿಬಿ ಎಸ್‌ಎಸ್‌ಡಿ. ಯಾವುದೋ ಆಫೀಸಿನವರು ಹಳೇ ಮಷೀನೆಲ್ಲ ಲಾಟಲ್ಲಿ ಮಾರಿದಾಗ ಅಣ್ಣ ತಂದುಕೊಟ್ಟಿದ್ದು. ಕಾರ್ಡ್ ಇಲ್ಲ, ಒಳಗಿನ ಇಂಟೆಲ್ ಗ್ರಾಫಿಕ್ಸೇ. ವ್ಯಾಲೊರಂಟ್ ಲೋ ಸೆಟ್ಟಿಂಗಲ್ಲಿ ಹೆಂಗೋ ಓಡ್ತದೆ. ಜಿಟಿಎ 5 ಹಾಕಿದ್ರೆ ಕಾರು ತಿರುಗಿಸೋ ಹೊತ್ತಿಗೆ ಗೋಡೆಗೆ ಹೊಡ್ದಾಗಿರ್ತದೆ. ಎಲ್ಡನ್ ರಿಂಗ್, ಫೋರ್ಜಾ ಹೊರೈಜನ್ 5 ಇವೆರಡು ಆಡ್ಬೇಕು ಅಂತ ಬಹಳ ದಿನದ ಆಸೆ. ರೂಮಲ್ಲಿ 1080ಪಿ ಮಾನಿಟರ್ ಇದೆ. ರಜೆಗೆ ಪಿಸಿ ಹೊತ್ಕೊಂಡು ಊರಿಗೆ ಹೋಗ್ತೀನಿ, ಅಲ್ಲಿರೋದು ಹಳೇ ವಿಜಿಎ ಮಾನಿಟರ್.

ಬಜೆಟ್ 9,000. ಈ ಸಲ ಕೊನೆಕೊಯ್ಲಲ್ಲಿ ಚಿಕ್ಕಪ್ಪನ ಮನೇಲಿ ಅಡಿಕೆ ಸುಲಿದು ಬಂದ ದುಡ್ಡು ಇದು. ಅಪ್ಪನ ಹತ್ರ ಮತ್ತೆ ಕೇಳೋ ಹಂಗಿಲ್ಲ.

ನೋಡಿಟ್ಟಿರೋ ಕಾರ್ಡುಗಳು: ಆರ್‌ಎಕ್ಸ್ 580 8 ಜಿಬಿ, ಬೆಂಗಳೂರಿನವರದ್ದು, 5,200 ರೂಪಾಯಿ, ದುಡ್ಡು ಹಾಕಿದ್ರೆ ಕೊರಿಯರ್ ಮಾಡ್ತಾರಂತೆ. ಜಿಟಿಎಕ್ಸ್ 1060 6 ಜಿಬಿ, ಹೊಸನಗರದಲ್ಲಿ, 5,500. ಇವರು ಎರಡು ವರ್ಷದಿಂದ ಬಳಸೇ ಇಲ್ಲ, ಬಾಕ್ಸಲ್ಲೇ ಇದೆ, ಹೊಸದರ ಹಂಗಿದೆ ಅಂತಾರೆ. ಮೂರನೇದು ಜಿಟಿಎಕ್ಸ್ 1660 ಸೂಪರ್, ಇಲ್ಲೇ ವಿನೋಬನಗರದಲ್ಲಿ, 8,500. ಮೈನಿಂಗ್ (ಕ್ರಿಪ್ಟೋ ಕಾಯಿನ್ ಗಳಿಸೋಕೆ ಕಾರ್ಡನ್ನ ಬಿಡದೆ ಓಡ್ಸೋದು) ಮಾಡಿದ ಕಾರ್ಡು ಅಂತ ಅವರೇ ಬಾಯಿಬಿಟ್ಟು ಹೇಳಿದ್ರು. ಇನ್ನೊಬ್ಬರು ಆರ್‌ಎಕ್ಸ್ 6500 ಎಕ್ಸ್‌ಟಿ 4 ಜಿಬಿ 7,500ಕ್ಕೆ ಕೊಡ್ತೀನಿ, ಇದೇ ಎಲ್ಲಕ್ಕಿಂತ ಹೊಸದು ಅಂತಿದಾರೆ.

ನನ್ನ ಮನಸ್ಸು ಹೊಸನಗರದ 1060 ಕಡೆಗಿದೆ. ಜಾಸ್ತಿ ದುಡೀದೇ ಇರೋ ಕಾರ್ಡಲ್ವಾ, ಬಾಳಿಕೆ ಬರ್ತದೆ ಅಂತ. ಏನಂತೀರಿ?


ಜಂಕ್ಷನ್_ಪ್ಲೇಯರ್:

580 ಕಣ್ಮುಚ್ಚಿ ತಗೋ ಗುರು. 8 ಜಿಬಿ ಮೆಮೊರಿ, ಆ ರೇಟಿಗೆ ಬೇರೆ ಯಾವುದೂ ಬರಲ್ಲ. ಮೈನಿಂಗ್ ಕಾರ್ಡ್ ಮಾತ್ರ ಮುಟ್ಟಬೇಡ, ಹಗಲೂ ರಾತ್ರಿ ಓಡ್ಸಿ ಜೀವ ಹಿಂಡಿರ್ತಾರೆ.


ಸೋಲ್ಡರ್_ಮಾವ:

ಕಣ್ಮುಚ್ಚಿ ತಗೊಳ್ಳೋ ಸಾಮಾನಲ್ಲ ಇದು. ನಾನು ಬಿ.ಎಚ್. ರೋಡ್ ಹತ್ರ ಬೋರ್ಡ್ ರಿಪೇರಿ ಮಾಡ್ಕೊಂಡಿರೋನು. ಹಂಗೆ ಕಣ್ಮುಚ್ಚಿ ತಗೊಂಡವು ಆಮೇಲೆ ನನ್ನ ಟೇಬಲ್ಲಿಗೇ ಬರ್ತವೆ.

ಮಾಣಿ, ಕಾರ್ಡಿನ ವಿಚಾರ ಆಮೇಲೆ. ಮೊದಲು ನಿನ್ನ ಡಬ್ಬಿಯ ಪಕ್ಕದ ಬಾಗಿಲು ತೆಗೆದು ಪವರ್ ಸಪ್ಲೈ ಮೇಲಿನ ಚೀಟಿ ಓದು. 290 ವಾಟ್ ಅಂತ ಇರ್ತದೆ. ಕಾರ್ಡಿಗೆ ಚುಚ್ಚೋ 6 ಪಿನ್ ವಯರು ಅದರಲ್ಲಿ ಬರೋದಿಲ್ಲ. ಸ್ಲಾಟಿಂದ ಕಾರ್ಡಿಗೆ ಸಿಗೋದು ಹೆಚ್ಚಂದ್ರೆ 75 ವಾಟ್. ನೀನು ಬರೆದಿರೋದರಲ್ಲಿ ಅಷ್ಟಕ್ಕೆ ತೃಪ್ತಿಪಡೋ ಕಾರ್ಡು ಒಂದೂ ಇಲ್ಲ. 580ಗೆ 185 ವಾಟ್ ಬೇಕು, 1060ಗೆ 120, 1660 ಸೂಪರಿಗೆ 125, 6500 ಎಕ್ಸ್‌ಟಿಗೆ 107. ಹಂಗಾಗಿ ಯಾವುದು ತಂದ್ರೂ ಮೊದಲ ದಿನ ಪಿಸಿ ಮುಂದೆ ಸುಮ್ನೆ ಕೂರ್ತೀಯ.

ಆಗ ಯಾರೋ ಒಬ್ಬರು ಹಾರ್ಡ್ ಡಿಸ್ಕಿಗೆ ಕರೆಂಟ್ ಕೊಡೋ ಸಾಟಾ ವಯರಿಂದ 6 ಪಿನ್ ಮಾಡೋ ಕನ್ವರ್ಟರ್ ಸಿಗ್ತದೆ ಮಾರಾಯ, ನೂರೈವತ್ತು ರೂಪಾಯಿ ಅಂತಾರೆ. ಬೇಡ. ಸಾಟಾ ಪ್ಲಗ್ಗಿನಲ್ಲಿ 12 ವೋಲ್ಟಿಗೆ ಅಂತ ಇರೋದು ಮೂರು ಸಣ್ಣ ಪಿನ್, ಒಂದೊಂದಕ್ಕೆ ಒಂದೂವರೆ ಆಂಪ್. ಎಲ್ಲ ಸೇರಿ 54 ವಾಟ್. ಆ ಕಡೆ 6 ಪಿನ್ನಿಗೆ 75 ವಾಟ್ ಎಳೆಯೋ ಹಕ್ಕಿದೆ. ಕರಗಿ ಕಪ್ಪಾದ ಸಾಟಾ ಪ್ಲಗ್ಗುಗಳನ್ನ ನಾನು ಎಸೆಯದೆ ಇಟ್ಕೊಂಡಿದೀನಿ, ನಂಬದ ಗಿರಾಕಿಗಳಿಗೆ ತೋರ್ಸೋಕೆ.

ಸರಿಯಾದ ದಾರಿ ಅಂದ್ರೆ ಸಪ್ಲೈ ಬದಲಾಯಿಸೋದು. ಅಲ್ಲೂ ಒಂದು ತೊಡಕಿದೆ. 7020ರ ಬೋರ್ಡಿಗೆ ಸಾಮಾನ್ಯ 24 ಪಿನ್ ಕೂರೋದಿಲ್ಲ, ಅದರದ್ದೇ 8 ಪಿನ್ ಬೇರೆ. 24ರಿಂದ 8ಕ್ಕೆ ತರೋ ಅಡಾಪ್ಟರ್ ವಯರು ಆನ್‌ಲೈನಲ್ಲಿ ಸಿಗ್ತದೆ. ನಿನ್ನದು ಮಿನಿ ಟವರ್ ಆದ್ರಿಂದ ಮಾಮೂಲಿ ಅಳತೆಯ ಸಪ್ಲೈ ಜಾಗಕ್ಕೆ ಕೂತ್ಕೊಳ್ತದೆ. ಚಪ್ಪಟೆ ಡಬ್ಬಿ ಆಗಿದ್ರೆ ಇಷ್ಟೆಲ್ಲ ಬರೀತಾನೇ ಇರ್ಲಿಲ್ಲ. ಒಂದು ಮರ್ಯಾದಸ್ಥ 450 ವಾಟ್ ಸಪ್ಲೈ ತಗೋ, ಹೊಸದೇ ಇರ್ಲಿ. ಕಾರ್ಡು ಹಳೇದಾದ್ರೆ ಆಟ ಕೆಡ್ತದೆ, ಸಪ್ಲೈ ಹಳೇದಾದ್ರೆ ಎಲ್ಲ ಸುಡ್ತದೆ. ಇದಕ್ಕೆ ವಯರು ಸೇರಿ ಎರಡೂವರೆ ಸಾವಿರ ತೆಗೆದಿಡು. ಅಲ್ಲಿಗೆ ಕಾರ್ಡಿಗೆ ಉಳಿದದ್ದು 6,500.

ಸಪ್ಲೈ ಗೋಜೇ ಬೇಡ ಅಂದ್ರೆ ಜಿಟಿಎಕ್ಸ್ 1650 ನೋಡು. 75 ವಾಟಿನದ್ದು, ಪಕ್ಕದಲ್ಲಿ ಪಿನ್ ಇಲ್ಲದ ಮಾಡೆಲ್ ಹುಡುಕು. ಕೆಲವು ಕಂಪನಿಯವರು ಅದೇ 1650ಗೆ 6 ಪಿನ್ ಕೊಟ್ಟಿದ್ದಾರೆ, ಫೋಟೊದಲ್ಲಿ ಕಾರ್ಡಿನ ಮೇಲಂಚು ನೋಡಿದ್ರೆ ಗೊತ್ತಾಗ್ತದೆ. ನಿನ್ನ ಸಿಪಿಯು 84 ವಾಟ್, ಇದು 75, ಆ 290ರ ಸಪ್ಲೈ ಆರಾಮಾಗಿ ಹೊರ್ತದೆ. ಜಿಟಿಎ 5, ವ್ಯಾಲೊರಂಟಿಗೆ ಧಾರಾಳ. ಆದ್ರೆ 4 ಜಿಬಿ. ಫೋರ್ಜಾದಲ್ಲಿ ಟೆಕ್ಸ್ಚರ್ ಇಳಿಸ್ಬೇಕಾಗ್ತದೆ.

ಈಗ ಕಾರ್ಡು. 580, 1060 ಎರಡೂ ಒಂದೇ ಕಾಲದ ಜೋಡಿ. 1060 ಬಂದಿದ್ದು 2016ರ ಜುಲೈ, 580 ಅದರ ಮುಂದಿನ ಏಪ್ರಿಲ್. ವೇಗ ಹೆಚ್ಚುಕಮ್ಮಿ ಒಂದೇ, ಡಿಎಕ್ಸ್ 12, ವಲ್ಕನ್ ಅನ್ನೋ ಹೊಸ ಗ್ರಾಫಿಕ್ಸ್ ತಂತ್ರ ಬಳಸೋ ಆಟಗಳಲ್ಲಿ 580 ಒಂದು ಹೆಜ್ಜೆ ಮುಂದೆ. ಅದಕ್ಕೆ ಬದಲಾಗಿ 65 ವಾಟ್ ಹೆಚ್ಚು ತಿಂತದೆ, ಅಷ್ಟೂ ಶಾಖವಾಗಿ ನಿನ್ನ ರೂಮಿಗೇ ಬರ್ತದೆ. ಎರಡಕ್ಕೂ ವಯಸ್ಸಾಗಿದೆ. 580 ಇರೋ ಪೊಲಾರಿಸ್ ಪೀಳಿಗೆಯನ್ನ ಎಎಂಡಿ 2023ರ ಕೊನೆಗೇ ಬೇರೆ ಸಾಲಿಗೆ ಹಾಕ್ತು, ಅಪ್‌ಡೇಟ್ ಅಪರೂಪ. 1060 ಇರೋ 10 ಸಿರೀಸಿಗೆ ಎನ್ವಿಡಿಯಾ 2025ರ ಅಕ್ಟೋಬರಿಗೆ ಗೇಮ್ ರೆಡಿ (ಹೊಸ ಆಟಗಳಿಗೆ ಹೊಂದಿಸೋ) ಡ್ರೈವರ್ ನಿಲ್ಸಿತು, ಇನ್ನು 2028ರ ಅಕ್ಟೋಬರ್ ತನಕ ಮೂರು ತಿಂಗಳಿಗೊಮ್ಮೆ ಸೆಕ್ಯುರಿಟಿ ಪ್ಯಾಚ್ ಮಾತ್ರ. ಇವತ್ತಿನ ನಿನ್ನ ಆಟಗಳು ಓಡ್ತವೆ, ಅದರ ಬಗ್ಗೆ ಅನುಮಾನ ಬೇಡ. ಹೊಸದು ಬಂದಾಗ ರಿಪೇರಿ ಯಾರೂ ಮಾಡ್ಕೊಡಲ್ಲ ಅಷ್ಟೆ.

1660 ಸೂಪರ್ 2019ರ ಅಕ್ಟೋಬರಿಂದು. 6 ಜಿಬಿನೇ ಆದ್ರೂ ಜಿಡಿಡಿಆರ್6 ಅನ್ನೋ ವೇಗದ ಮೆಮೊರಿ, ಆಟದಲ್ಲಿ ಹಳೇ 1070ರ ಮಟ್ಟ. 1060ರಷ್ಟೇ ಕರೆಂಟು ತಿಂದು ಅದಕ್ಕಿಂತ ಚೆನ್ನಾಗಿ ಓಡ್ತದೆ, ಡ್ರೈವರೂ ಬರ್ತಾ ಇದೆ. ರೇ ಟ್ರೇಸಿಂಗ್ (ಬೆಳಕು-ನೆರಳನ್ನ ನಿಜದ ಹಂಗೆ ಲೆಕ್ಕ ಹಾಕೋದು), ಡಿಎಲ್‌ಎಸ್‌ಎಸ್ (ಚಿಕ್ಕ ಚಿತ್ರವನ್ನ ಎಐಯಿಂದ ದೊಡ್ಡದು ಮಾಡಿ ವೇಗ ಹೆಚ್ಚಿಸೋದು) ಇಲ್ಲ. ರೇ ಟ್ರೇಸಿಂಗ್ ಇಲ್ದೇ ಶುರುವೇ ಆಗಲ್ಲ ಅನ್ನೋ ಆಟಗಳು ಬರ್ತಿವೆ, ಅವು ಇದರಲ್ಲಿ ನಡೆಯಲ್ಲ. ಅದನ್ನ ತಿಳ್ಕೊಂಡೇ ತಗೋಬೇಕು.

6500 ಎಕ್ಸ್‌ಟಿ ಬಿಟ್ಬಿಡು. ಹೊಸದು ಹೌದು, 2022ರದ್ದು. ಆದ್ರೆ ಅದಕ್ಕೆ ಪಿಸಿಐ ಲೇನ್, ಅಂದ್ರೆ ಬೋರ್ಡಿನ ಜೊತೆ ಡೇಟಾ ಸಾಗೋ ದಾರಿ, ಇರೋದು ನಾಲ್ಕೇ. ಪಿಸಿಐ 4ನೇ ತಲೆಮಾರಿನ ಬೋರ್ಡಲ್ಲಿ ನಾಲ್ಕು ಲೇನಲ್ಲೇ ಹೇಗೋ ತೂಗಿಸ್ಕೊಂಡು ಹೋಗ್ತದೆ. ನಿನ್ನ ಬೋರ್ಡು 3ನೇದು, ದಾರಿ ಅರ್ಧಕ್ಕರ್ಧ ಕಿರಿದಾಗ್ತದೆ. 4 ಜಿಬಿ ಮೆಮೊರಿ ತುಂಬಿ ರ‍್ಯಾಮ್ ಕಡೆ ಹೊರಳೋ ಹೊತ್ತಿಗೆ ಆಟ ತಡವರಿಸ್ತದೆ. ವಿಡಿಯೊ ಎನ್‌ಕೋಡರ್ ಕೂಡ ತೆಗೆದುಹಾಕಿದ್ದಾರೆ, ಆಡಿದ್ದನ್ನ ರೆಕಾರ್ಡ್ ಮಾಡೋ ಯೋಚನೆ ಇದ್ರೆ ಅದೂ ಸಿಪಿಯು ತಲೆ ಮೇಲೆ.

ಇನ್ನು ಜಂಕ್ಷನ್ ಅವರು ಹೇಳಿದ ಮೈನಿಂಗ್ ಮಾತು. ಇದರಲ್ಲಿ ನನ್ನ ಅಭಿಪ್ರಾಯ ಬೇರೆ, ಸ್ವಲ್ಪ ಉದ್ದ ಬರೀತೀನಿ.

ಇಥೀರಿಯಂ ಅನ್ನೋ ಕ್ರಿಪ್ಟೋ ಕಾಯಿನ್ 2022ರ ಸೆಪ್ಟೆಂಬರ್ 15ಕ್ಕೆ ಮೈನಿಂಗ್ ಪದ್ಧತಿಯನ್ನೇ ಕೈಬಿಡ್ತು. ಅವತ್ತಿಗೆ ಮನೆಗಳಲ್ಲಿ ಕಾರ್ಡು ಜೋಡಿಸಿ ಓಡಿಸೋ ಲಾಭ ಮುಗೀತು. ಅಂದ್ರೆ ಈಗ ಮಾರ್ಕೆಟ್ಟಲ್ಲಿರೋ ಮೈನಿಂಗ್ ಕಾರ್ಡು ಆಮೇಲೂ ಇಷ್ಟು ವರ್ಷ ಯಾರದೋ ಪಿಸಿಯಲ್ಲಿ ಬದುಕಿ ಬಂದಿದೆ. ಸಾಯೋದಿದ್ರೆ ಸುಮಾರಾಗಿ ಸತ್ತಿರೋದು. ಲೆಕ್ಕ ಗೊತ್ತಿದ್ದ ಮೈನರು ಕರೆಂಟ್ ಬಿಲ್ಲಿಗೆ ಹೆದರಿ ವೋಲ್ಟೇಜ್ ಇಳಿಸೇ ಓಡಿಸ್ತಿದ್ದ. ಚಿಪ್ಪು ಒಂದೇ ಬಿಸಿಯಲ್ಲಿ ಇರ್ತಿತ್ತು, ಆಟ ಆಡೋರ ಕಾರ್ಡಿನ ಹಾಗೆ ಗಂಟೆಗೊಮ್ಮೆ ಕಾದು ಆರಿ ಆಗ್ತಿರ್ಲಿಲ್ಲ. ಸವೆಯೋದು ಫ್ಯಾನು, ಥರ್ಮಲ್ ಪ್ಯಾಡು, ಪೇಸ್ಟು. ಮೂರನ್ನೂ ಬದಲಾಯಿಸ್ಬಹುದು. ಮೆಮೊರಿ ಚಿಪ್ಪು ಹಾಳಾಗಿರೋದೂ ಉಂಟು, ಆದ್ರೆ ಅದು ಪರೀಕ್ಷೆ ಮಾಡಿದ್ರೆ ಸಿಕ್ಕಿಬೀಳ್ತದೆ.

ನಮ್ಮ ಕಡೆ ಕಾರ್ಡು ಸಾಯೋದು ದುಡಿದು ಅಲ್ಲ, ಸುಮ್ನೆ ಕೂತು. ನನಗೆ ಭಯ ಹುಟ್ಟಿಸಿದ್ದು ನೀನು ಮೆಚ್ಚಿದ ಆ ಹೊಸನಗರದ ಬಾಕ್ಸೇ. ಎರಡು ವರ್ಷ ಬಳಸಿಲ್ಲ ಅಂದ್ರೆ ಎರಡು ಮಳೆಗಾಲ ಅದು ಅಟ್ಟದ ಮೇಲೋ ಕಪಾಟಿನ ತಳದಲ್ಲೋ ಕೂತಿದೆ. ಜೂನಿಂದ ಸೆಪ್ಟೆಂಬರ್ ತನಕ ನಮ್ಮನೆಗಳಲ್ಲಿ ಚರ್ಮದ ಬೆಲ್ಟಿಗೆ, ಮದುವೆ ಆಲ್ಬಮ್ಮಿಗೆ ಬೂಷ್ಟು ಬರ್ತದೆ. ರಟ್ಟಿನ ಬಾಕ್ಸು ತೇವ ಕುಡಿದು ಒಳಗೇ ಇಟ್ಕೊಳ್ತದೆ. ಓಡ್ತಿರೋ ಕಾರ್ಡಿಗೆ ಈ ಕಾಟ ಕಡಿಮೆ, ದಿನಾ ಅರವತ್ತು ಡಿಗ್ರಿ ಬಿಸಿಯಾದ್ರೆ ತೇವ ನಿಲ್ಲೋದಿಲ್ಲ. ಕೂತ ಕಾರ್ಡಲ್ಲಿ ಸೋಲ್ಡರ್ ಪಕ್ಕ ಉಳಿದ ಫ್ಲಕ್ಸು (ಬೆಸುಗೆಗೆ ಹಚ್ಚೋ ಅಂಟು) ನೀರೆಳೆದು ಅಂಟಂಟಾಗ್ತದೆ, ತಾಮ್ರದ ಪೈಪಿಗೆ ಹಸಿರು ಕಿಲುಬು ಹತ್ತುತ್ತದೆ, ಸ್ಕ್ರೂ ತುಕ್ಕು, ಎಚ್‌ಡಿಎಂಐ ತೂತಿನ ಒಳಗೆ ಬಿಳಿ ಹುಡಿ. ತಂದವರು ಮಾತ್ರ ಬಾಕ್ಸ್ ಪೀಸ್ ಸಾರ್, ಒಂದು ಗೆರೆ ಇಲ್ಲ ಅಂತಾರೆ. ಗೆರೆ ಇಲ್ಲ, ಡಿಸ್ಪ್ಲೇನೂ ಇಲ್ಲ.

ಎಲ್ಲ ಬಾಕ್ಸ್ ಪೀಸೂ ಹಂಗೆ ಅಂತಲ್ಲ. ನೋಡೋಕೆ ಹೋದ್ರೆ ಮೊಬೈಲ್ ಟಾರ್ಚ್ ಹಾಕಿ ಹಿಂದಿನ ಕಬ್ಬಿಣದ ಪಟ್ಟಿ, ಸ್ಕ್ರೂ ತಲೆ, ಪೋರ್ಟಿನ ಒಳಗೆ, ಸ್ಲಾಟಿಗೆ ಕೂರೋ ಚಿನ್ನದ ಬಣ್ಣದ ಹಲ್ಲುಗಳು, ಇಷ್ಟು ನೋಡು. ಹಲ್ಲಿನ ಮೇಲೆ ಕಪ್ಪು ಚುಕ್ಕೆ ಇದ್ರೆ ವಾಪಸ್ ಕೊಟ್ಟು ಕಾಫಿ ಕುಡಿದು ಬಾ.

ಯಾವ ಕಾರ್ಡೇ ಆಗ್ಲಿ, ನಿನ್ನ ಕಣ್ಣೆದುರು ಅರ್ಧ ಗಂಟೆ ಓಡ್ಬೇಕು. ಅದಕ್ಕೇ ಕೊರಿಯರ್ ಬೇಡ ಅನ್ನೋದು. ಕಾರ್ಡಿನ ವಿವರ ತೋರ್ಸೋ ಜಿಪಿಯು-ಝಡ್ ಸಾಫ್ಟ್‌ವೇರ್ ಪೆನ್‌ಡ್ರೈವಲ್ಲಿ ಹಾಕ್ಕೊಂಡು ಹೋಗು, ನಕಲಿ ಬಯೋಸ್ (ಕಾರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ತುಂಬಿದ ಎನ್ವಿಡಿಯಾ ಕಾರ್ಡಾದ್ರೆ ಹೆಸರಿನ ಮುಂದೆ ಫೇಕ್ ಅಂತ ಅದೇ ತೋರಿಸ್ತದೆ. ಆಮೇಲೆ ಕಾರ್ಡಿಗೆ ಪೂರ್ತಿ ಭಾರ ಹಾಕೋ ಯೂನಿಜಿನ್ ಹೆವನ್ ಟೆಸ್ಟ್ ಹಚ್ಚಿ ಕೂತ್ಕೋ. ಪರದೇಲಿ ಬಣ್ಣದ ಚುಕ್ಕೆ, ಚೌಕ, ಮಿಂಚು ಕಂಡ್ರೆ ಎದ್ದು ಬಾ. ಬಿಸಿ 80ರ ಒಳಗೆ ನಿಂತ್ರೆ ಒಳ್ಳೇದು. ಹಾಟ್ ಸ್ಪಾಟ್ (ಚಿಪ್ಪಿನ ಅತಿ ಬಿಸಿ ಜಾಗ) ಅನ್ನೋ ಸಾಲು ಸಾಮಾನ್ಯ ಬಿಸಿಗಿಂತ 12-15 ಡಿಗ್ರಿ ಹೆಚ್ಚಿದ್ರೆ ಮಾಮೂಲಿ, 25-30 ಆದ್ರೆ ಪೇಸ್ಟ್ ಒಣಗಿದೆ ಅಂತ ಅರ್ಥ, ಅದು ಚೌಕಾಸಿಗೆ ಬರ್ತದೆ. ಕೊನೆಗೆ ಓಸಿಸಿಟಿ ಅನ್ನೋ ಸಾಫ್ಟ್‌ವೇರಲ್ಲಿ ವಿಡಿಯೊ ಮೆಮೊರಿ ಟೆಸ್ಟ್. ಒಂದೇ ಒಂದು ಎರರ್ ಬಂದ್ರೂ ಪುಕ್ಕಟೆ ಕೊಟ್ರೂ ಬೇಡ.

ನನ್ನ ಮಾತು ಕೇಳೋದಾದ್ರೆ ವಿನೋಬನಗರದ 1660 ಸೂಪರ್ ನೋಡಿ ಬಾ. 8,500 ಜಾಸ್ತಿ ಆಯ್ತು, ಇಳಿಸು.


ಮೇಗರವಳ್ಳಿ_ಮಾಣಿ:

ಮಾವ, ಸಪ್ಲೈ ಚೀಟಿ ಓದಿದೆ. 290 ಅಂತಲೇ ಇದೆ, ಆ ವಯರೂ ಇಲ್ಲ!

580ರವರ ಹತ್ರ ಜಿಪಿಯು-ಝಡ್ ಫೋಟೊ ಕೇಳಿದೆ. ಕಳಿಸಿದ್ರು. ಹೆಸರು ಆರ್‌ಎಕ್ಸ್ 580 ಅಂತಲೇ ಇದೆ, ಫೇಕ್ ಅಂತ ಏನೂ ಇಲ್ಲ. ಆದ್ರೆ ಶೇಡರ್ಸ್ ಅನ್ನೋ ಜಾಗದಲ್ಲಿ 2048 ಅಂತಿದೆ, ಆನ್‌ಲೈನಲ್ಲಿ ನೋಡಿದ್ರೆ 2304 ಅಂತ ತೋರಿಸ್ತದೆ. ಇದೆಂತ ಕಥೆ?

ಇನ್ನೊಂದು. ರೂಮಲ್ಲಿ 600 ವಿಎ ಯುಪಿಎಸ್ ಇದೆ, ಅದು ಸಾಕಾಗ್ತದಾ?


ಸೋಲ್ಡರ್_ಮಾವ:

ಅದು 580 2048ಎಸ್‌ಪಿ ಅನ್ನೋ ಬೇರೆ ಮಾಡೆಲ್. 2018ರಲ್ಲಿ ಚೀನಾ ಮಾರ್ಕೆಟ್ಟಿಗೆ ಅಂತ ಎಎಂಡಿಯೇ ಬಿಟ್ಟಿದ್ದು, ಕಳ್ಳಮಾಲಲ್ಲ. ಶೇಡರ್ ಅಂದ್ರೆ ಚಿತ್ರ ಬಿಡಿಸೋ ಸಣ್ಣ ಕೋರು; ಒಳಗಿರೋದು ಕೆಳಗಿನ ಮಾಡೆಲ್ಲಾದ 570ರ ಲೆಕ್ಕದ್ದು, ಮೇಲಿನ ಹೆಸರು 580. ಆಟದಲ್ಲೂ 570ರ ಹಾಗೇ ಓಡ್ತದೆ. ಮಾರೋರಿಗೆ ಸುಮಾರು ಸಲ ಇದು ಗೊತ್ತೇ ಇರೋದಿಲ್ಲ. 570ರ ರೇಟಿಗೆ ಕೊಟ್ರೆ ಬೈಯೋಕೆ ಏನಿಲ್ಲ, 580ರ ರೇಟಿಗೆ ಯಾಕೆ ಕೊಡ್ಬೇಕು.

600 ವಿಎ ಯುಪಿಎಸ್ ಅಂದ್ರೆ ಸಾಮಾನ್ಯವಾಗಿ 360 ವಾಟ್, ಅದೂ ಬ್ಯಾಟರಿ ಹೊಸದಿದ್ದಾಗ. 580, ನಿನ್ನ ಸಿಪಿಯು, ಮಾನಿಟರ್ ಎಲ್ಲ ಸೇರಿ ಸಪ್ಲೈ ನಷ್ಟವನ್ನೂ ಹಿಡಿದ್ರೆ ಮುನ್ನೂರು ದಾಟಬಹುದು. ಕರೆಂಟು ಹೋದ ಕೂಡ್ಲೇ ಕುಂಯ್ ಅಂತ ಪಿಸಿ ಸಮೇತ ಮಲಗ್ತದೆ. 125 ವಾಟಿನ ಕಾರ್ಡಾದ್ರೆ ಆಟ ಸೇವ್ ಮಾಡಿ ಶಟ್‌ಡೌನ್ ಮಾಡೋಷ್ಟು ಹೊತ್ತು ಸಿಗ್ತದೆ. ನಮ್ಮಲ್ಲಿ ವಾಟ್ ಕಡಿಮೆ ಇರೋ ಕಾರ್ಡೇ ಮೇಲು ಅನ್ನೋದಕ್ಕೆ ಬಿಲ್ಲಿಗಿಂತ ಇದೇ ದೊಡ್ಡ ಕಾರಣ.


ಕೊಪ್ಪದ_ಕಾಫಿಕುಡುಕ:

ಮಾವನ ತೇವದ ಮಾತಿಗೆ ನನ್ನದೂ ಒಂದು ಓಟು. ನಮ್ಮನೇಲಿ ಪಿಸಿ ಇರೋ ಕೋಣೆಗೆ ಬಚ್ಚಲಿನ ಗೋಡೆ ಅಂಟಿಕೊಂಡಿದೆ, ಜುಲೈಯಲ್ಲಿ ಆ ಗೋಡೆ ಮುಟ್ಟಿದ್ರೆ ಕೈ ಒದ್ದೆ. ಆಟ ಆಡ್ಲಿ ಬಿಡ್ಲಿ, ದಿನಾ ಸಂಜೆ ಒಂದು ಗಂಟೆ ಪಿಸಿ ಹಚ್ಚಿಡ್ತೀನಿ. ನಾನು ಬಳಸ್ತಿರೋದು ಪಿನ್ ಇಲ್ಲದ 1650. ಎಲ್ಡನ್ ರಿಂಗ್ 1080ಪಿ ಮೀಡಿಯಮ್ಮಲ್ಲಿ ಆಡಿ ಮುಗಿಸಿದ್ದೀನಿ, ದೊಡ್ಡ ಬಯಲಲ್ಲಿ ಆಗಾಗ ಎಳೀತದೆ, ಸಾಯೋಷ್ಟಲ್ಲ. ಆದ್ರೆ ಇವತ್ತು ತಗೊಳ್ಳೋದಾದ್ರೆ ನಾನೂ 6 ಜಿಬಿಗೆ ಕಡಿಮೆ ತಗೊಳ್ಳಲ್ಲ.

ಇಲ್ಲಿ ಯಾರೂ ಹೇಳಿಲ್ಲ ಅಂತ ಹೇಳ್ತೀನಿ: ಏಪ್ರಿಲ್, ಮೇ ಗುಡುಗು. ಪ್ಲಗ್ ಕಿತ್ತಿಟ್ರೆ ಸಾಲದು, ಇಂಟರ್ನೆಟ್ಟಿನ ಲ್ಯಾನ್ ವಯರನ್ನೂ ಕೀಳ್ಬೇಕು. ಪಕ್ಕದ ತೋಟದ ಮನೆಯವರದ್ದು ಕರೆಂಟ್ ಕಡೆಯಿಂದ ಅಲ್ಲ, ಲ್ಯಾನ್ ಕಡೆಯಿಂದಲೇ ಸಿಡಿಲು ಬಂದು ಮದರ್‌ಬೋರ್ಡ್ ಹೋಯ್ತು. ಮೇಗರವಳ್ಳಿಯವರಿಗೆ ಮಳೆ ಬಗ್ಗೆ ನಾನು ಹೇಳೋದೇನಿದೆ, ಆಗುಂಬೆ ಪಕ್ಕದಲ್ಲೇ ಇದೆ.

ಮತ್ತೆ ಊರಿನ ಆ ವಿಜಿಎ ಮಾನಿಟರ್? ನೀವು ಹೇಳಿದ ಯಾವ ಕಾರ್ಡಲ್ಲೂ ವಿಜಿಎ ಬರೋದಿಲ್ಲ. ಡಿವಿಐ ತೂತು ಕಂಡು ಮೋಸಹೋಗ್ಬೇಡಿ, ಅದು ಡಿವಿಐ-ಡಿ, ಹತ್ತು ರೂಪಾಯಿಯ ಪ್ಲಗ್ ಚುಚ್ಚಿದ್ರೆ ಚಿತ್ರ ಬರಲ್ಲ. ಎಚ್‌ಡಿಎಂಐಯಿಂದ ವಿಜಿಎಗೆ ಬದಲಾಯಿಸೋ, ಒಳಗೆ ಚಿಪ್ ಇರೋ ಅಡಾಪ್ಟರ್ ತಗೊಳ್ಳಿ.


ಜಂಕ್ಷನ್_ಪ್ಲೇಯರ್:

2048ಎಸ್‌ಪಿ ಆದ್ರೆ ನಾನೂ ಬೇಡ ಅಂತೀನಿ. ಆದ್ರೆ ಮಾವ, ಆ ಸಿಪಿಯುಗೆ 1660 ಸೂಪರ್ ಹಾಕಿ ಏನು ಪ್ರಯೋಜನ? 4 ಕೋರ್, 4 ಥ್ರೆಡ್. ಸಿಪಿಯು ನಿಧಾನವಾಗಿ ಕಾರ್ಡನ್ನ ತಡೆಯೋ ಬಾಟಲ್‌ನೆಕ್ ಆಗಲ್ವಾ?


ಸೋಲ್ಡರ್_ಮಾವ:

ಆಗ್ತದೆ. ಎಲ್ಲಿ ಆಗ್ತದೆ ಅನ್ನೋದು ಮುಖ್ಯ. ವ್ಯಾಲೊರಂಟಲ್ಲಿ ಇವನಿಗೆ 1650 ಹಾಕಿದ್ರೂ 1660 ಸೂಪರ್ ಹಾಕಿದ್ರೂ ಅಂಥಾ ವ್ಯತ್ಯಾಸ ಕಾಣ್ಸಲ್ಲ, ಅಲ್ಲಿ ಸಿಪಿಯು ಹೇಳಿದ್ದೇ ಮಾತು. ಫೋರ್ಜಾ, ಎಲ್ಡನ್ ರಿಂಗಲ್ಲಿ 1080ಪಿಗೆ ಕಾರ್ಡಿನ ಕೆಲಸ ಸಾಕಷ್ಟಿದೆ. ಎಲ್ಡನ್ ರಿಂಗ್ ಹೆಂಗೂ 60ಕ್ಕಿಂತ ಮೇಲೆ ಹೋಗೋದೇ ಇಲ್ಲ, ಆಟದವರೇ ಗೆರೆ ಎಳೆದಿದ್ದಾರೆ. ಆರ್‌ಎಕ್ಸ್ 6600 ತರೋ ಮಾತಾಗಿದ್ರೆ ನಾನೇ ಬೇಡ ಅಂತಿದ್ದೆ, ಈ ಸಿಪಿಯು ಜೊತೆ ಅದರ ಅರ್ಧ ಶಕ್ತಿ ಸುಮ್ನೆ ಕೂರ್ತದೆ. ಮುಂದೆ ದುಡ್ಡಾದಾಗ ಅದೇ ಸಾಕೆಟ್ಟಿಗೆ ಐ7-4790 ಹಾಕ್ಲಿ, 8 ಥ್ರೆಡ್ ಸಿಗ್ತವೆ. ಕಾರ್ಡು ಹೆಂಗೂ ಮುಂದಿನ ಪಿಸಿಗೂ ಹೋಗ್ತದೆ.

ಇಂಟೆಲ್ಲಿನ ಆರ್ಕ್ ಕಾರ್ಡುಗಳ ಬಗ್ಗೆ ಯಾರಾದ್ರೂ ಬರೀತಾರೆ, ಅದಕ್ಕೆ ಮೊದ್ಲೇ ಹೇಳ್ಬಿಡ್ತೀನಿ: ರೀಸೈಜಬಲ್ ಬಾರ್ (ಸಿಪಿಯು ಕಾರ್ಡಿನ ಮೆಮೊರಿಯನ್ನೆಲ್ಲ ಒಟ್ಟಿಗೆ ಮುಟ್ಟೋ ಸೌಲಭ್ಯ) ಇಲ್ಲದ ಬೋರ್ಡಲ್ಲಿ ಅವು ಸೊರಗ್ತವೆ. ಮಾಣಿಯ 4ನೇ ಪೀಳಿಗೆ ಇಂಟೆಲ್ ಸಿಪಿಯುವಿನ ಬೋರ್ಡಿಗೆ ಅದು ಇಲ್ಲ.


ಮೇಗರವಳ್ಳಿ_ಮಾಣಿ:

ಹೋಗಿ ಬಂದೆ!

ವಿನೋಬನಗರದ ಅಣ್ಣ ಒಳ್ಳೆ ಮನುಷ್ಯ. ಅವರ ಪಿಸಿಯಲ್ಲೇ ಹಾಕಿ ತೋರಿಸಿದ್ರು. ಜಿಪಿಯು-ಝಡ್ಡಲ್ಲಿ 1408 ಶೇಡರ್, ಜಿಡಿಡಿಆರ್6, ಫೇಕ್ ಅಂತ ಇಲ್ಲ. ಹೆವನ್ ಅರ್ಧ ಗಂಟೆ ಓಡಿಸಿದ್ವಿ, ಮಧ್ಯೆ ಅವರಮ್ಮ ಮಜ್ಜಿಗೆ ಕೊಟ್ರು. ಬಿಸಿ 74ಕ್ಕೆ ನಿಂತ್ತು, ಹಾಟ್ ಸ್ಪಾಟ್ 88. ಓಸಿಸಿಟಿಯಲ್ಲಿ ಎರರ್ ಸೊನ್ನೆ. ಟಾರ್ಚ್ ಹಾಕಿ ನೋಡಿದೆ, ಧೂಳಿದೆ, ತುಕ್ಕಿಲ್ಲ, ಹಲ್ಲು ಹೊಳೀತಿವೆ.

ಒಂದೇ ಸಮಸ್ಯೆ. ಎರಡು ಫ್ಯಾನಲ್ಲಿ ಒಂದು, ಪೋರ್ಟ್ ಕಡೆಯದ್ದು, ಶುರುವಿಗೆ ಗರಗರ ಅಂತದೆ, ವೇಗ ಹಿಡಿದ ಮೇಲೆ ನಿಲ್ತದೆ. ಅದನ್ನ ತೋರಿಸಿ 7,000 ಕೇಳಿದೆ, ಅವರು 7,200ಕ್ಕೆ ಇಳಿದ್ರು. ಸಪ್ಲೈ, ವಯರು ಸೇರಿಸಿದ್ರೆ 9,000 ದಾಟ್ತದೆ, ನಮ್ಮಣ್ಣ ಮೇಲಿನ ದುಡ್ಡು ಕೊಡ್ತೀನಿ ಅಂದಿದ್ದಾನೆ, ಬದಲಿಗೆ ಅವನಿಗೂ ಆಡೋಕೆ ಬಿಡ್ಬೇಕಂತೆ. ನಾಳೆ ದುಡ್ಡು ಕೊಟ್ಟು ತರ್ಲಾ? ಫ್ಯಾನ್ ಗರಗರ ದೊಡ್ಡ ವಿಷಯನಾ?


ಸೋಲ್ಡರ್_ಮಾವ:

ತಾ. 74, 88 ಅಂದ್ರೆ 14ರ ಅಂತರ, ಪೇಸ್ಟ್ ಚೆನ್ನಾಗಿದೆ, ಈಗ್ಲೇ ಬಿಚ್ಚೋ ಉಸಾಬರಿ ಬೇಡ.

ಗರಗರ ಅನ್ನೋದು ಬೇರಿಂಗಿನ ಎಣ್ಣೆ ಆರಿದ್ದು. ಹೊಲಿಗೆ ಮಷೀನ್ ಎಣ್ಣೆ ಒಂದು ಹನಿ ಬಿಟ್ರೆ ಸ್ವಲ್ಪ ದಿನ ಸುಮ್ಮನಿರ್ತದೆ, ಆಮೇಲೆ ಮತ್ತೆ ಶುರು. ಫ್ಯಾನ್ ಬದಲಾಯಿಸೋದೇ ಸರಿ, ಜೋಡಿ ಆರೇಳುನೂರಕ್ಕೆ ಸಿಗ್ತದೆ. ಆದ್ರೆ 1660 ಸೂಪರ್ ಫ್ಯಾನ್ ಅಂತ ಹುಡುಕ್ಬೇಡ, ಒಂದೊಂದು ಕಂಪನಿಯದ್ದು ಒಂದೊಂದು ಅಳತೆ. ಫ್ಯಾನ್ ಬಿಚ್ಚಿ ಹಿಂಭಾಗದ ಚೀಟಿಯಲ್ಲಿರೋ ನಂಬರ್ ನೋಡು, ರೆಕ್ಕೆಯ ಅಡ್ಡಳತೆ, ಸ್ಕ್ರೂ ತೂತಿನ ನಡುವಿನ ಅಂತರ ಸ್ಕೇಲಲ್ಲಿ ಅಳೆ, ಪ್ಲಗ್ಗಿನಲ್ಲಿ ಪಿನ್ ಎಷ್ಟು ಎಣಿಸು. ಫೋಟೊ ಇಲ್ಲೇ ಹಾಕು, ನನ್ನ ಹತ್ರ ಇದ್ರೆ ಹೇಳ್ತೀನಿ.

ಸಪ್ಲೈ ಹಾಕುವಾಗ 24ರಿಂದ 8ರ ಆ ವಯರಿನ ಜೊತೆ ಸಿಪಿಯು ಪಕ್ಕದ 4 ಪಿನ್ನನ್ನೂ ಚುಚ್ಬೇಕು, ಅದನ್ನ ಬಿಟ್ಟು ಬೋರ್ಡ್ ಸತ್ತಿದೆ ಅಂತ ತರೋರು ಸುಮಾರಿದ್ದಾರೆ. ಕಾರ್ಡಿಗೆ 8 ಪಿನ್ ಬೇಕಾಗ್ತದೆ, ಅಂಗಡಿಯಲ್ಲಿ ಸಪ್ಲೈ ತಗೊಳ್ಳುವಾಗ್ಲೇ 6+2 ಪಿನ್ ವಯರು ಇದೆಯಾ ಅಂತ ಬಾಕ್ಸ್ ತೆಗೆಸಿ ನೋಡು. ಇನ್ನು ಕಾರ್ಡಿನ ಉದ್ದ: ನಿನ್ನ ಡಬ್ಬಿಯಲ್ಲಿ ಸ್ಲಾಟಿಂದ ಮುಂದಿನ ಹಾರ್ಡ್ ಡಿಸ್ಕ್ ಗೂಡಿನ ತನಕ ಎಷ್ಟಿದೆ ಅಂತ ಇವತ್ತೇ ಅಳೆದುಕೋ, ನಾಳೆ ದುಡ್ಡು ಕೊಡೋ ಮೊದಲು ಕಾರ್ಡಿಗೂ ಸ್ಕೇಲ್ ಹಿಡಿ.


ಮೇಗರವಳ್ಳಿ_ಮಾಣಿ:

ಅಳೆದೆ. ಡಬ್ಬಿಯಲ್ಲಿ ಜಾಗ ಇದೆ, ವಿನೋಬನಗರದ ಅಣ್ಣನಿಗೆ ಫೋನ್ ಮಾಡಿ ಕೇಳಿದೆ, ಕಾರ್ಡು 23 ಸೆಂ.ಮೀ. ಅಂತೆ, ಹಿಡೀತದೆ. ಫ್ಯಾನ್ ಚೀಟಿ ಫೋಟೊ ನಾಳೆ ಸಂಜೆ ಹಾಕ್ತೀನಿ.